ಹದಿನೈದನೇ ತಿದ್ದುಪಡಿಯ ಎರಡನೇ ಕಲಮು

1873ರ ಜನವರಿಯಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಪಟ್ಟಣಕ್ಕೆ ಪುರಸಭೆ ಚುನಾವಣೆ ಬಂತು. ಮತ ಹಾಕುವವರು ಒಂದೂವರೆ ಡಾಲರ್ ತಲೆಗಂದಾಯ ಕಟ್ಟಿದ ರಸೀದಿ ತೋರಿಸಬೇಕೆಂಬುದು ಅಲ್ಲಿನ ಕಟ್ಟಳೆ. ವಿಲಿಯಂ ಗಾರ್ನರ್ ಎಂಬ ಕಪ್ಪು ನಾಗರಿಕ ಕಂದಾಯ ಕಟ್ಟಲು ಹೋದ. ವಸೂಲಿ ಅಧಿಕಾರಿ ಕಟ್ಟಿಸಿಕೊಳ್ಳಲಿಲ್ಲ. ಮತಗಟ್ಟೆಗೆ ಹೋದಾಗ ಹೈರಮ್ ರೀಸ್ ಮತ್ತು ಅವನ ಜೊತೆಯ ಅಧಿಕಾರಿ ರಸೀದಿ ಎಲ್ಲಿ ಎಂದು ಕೇಳಿ ವಾಪಸು ಕಳಿಸಿದರು. ಒಬ್ಬ ಹಣ ತೆಗೆದುಕೊಳ್ಳಲಿಲ್ಲ, ಇನ್ನೊಬ್ಬ ಹಣ ಕಟ್ಟಿಲ್ಲವೆಂದು ಬಾಗಿಲು ಹಾಕಿದ. ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

ಅದೇ ವರ್ಷ ಏಪ್ರಿಲ್ 13ರ ಈಸ್ಟರ್ ಭಾನುವಾರ ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ ನಡೆದದ್ದರಲ್ಲಿ ಅಂಥ ನಾಜೂಕೇನೂ ಇರಲಿಲ್ಲ. ಹಿಂದಿನ ವರ್ಷದ ಚುನಾವಣೆಯಲ್ಲಿ ಗೆದ್ದವರು ಯಾರೆಂಬ ಜಗಳ ಇನ್ನೂ ತೀರಿರಲಿಲ್ಲ. ರಿಪಬ್ಲಿಕನ್ ಪಕ್ಷದ ಅಧಿಕಾರಿಗಳನ್ನು ಉಳಿಸಿಕೊಳ್ಳಲು ಕಪ್ಪು ಜನ ಊರಿನ ಕೋರ್ಟು ಕಟ್ಟಡವನ್ನು ಕಾಯುತ್ತಿದ್ದರು. ಕುದುರೆ ಏರಿ, ಒಂದು ಸಣ್ಣ ಫಿರಂಗಿಯನ್ನೂ ಎಳೆದುಕೊಂಡು ಬಂದ ಬಿಳಿಯರ ದಂಡು ಕಟ್ಟಡಕ್ಕೆ ಬೆಂಕಿಯಿಟ್ಟಿತು. ಶರಣಾದವರನ್ನು ರಾತ್ರಿ ಸಾಲಾಗಿ ಕರೆದೊಯ್ದು ಗುಂಡಿಕ್ಕಿತು. ಸತ್ತ ಕಪ್ಪು ಜನರ ಲೆಕ್ಕ ಅರುವತ್ತರಿಂದ ನೂರೈವತ್ತರವರೆಗೆ ಒಬ್ಬೊಬ್ಬರ ಬರಹದಲ್ಲಿ ಒಂದೊಂದು ಥರ ಇದೆ. ಸತ್ತ ಬಿಳಿಯರು ಮೂವರು.

ಈ ಎರಡೂ ಪ್ರಕರಣಗಳು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಏರಿ, ಒಂದೇ ದಿನ, 1876ರ ಮಾರ್ಚ್ 27ರಂದು, ತೀರ್ಪು ಪಡೆದವು. ಎರಡರಲ್ಲೂ ಆರೋಪಿಗಳೇ ಗೆದ್ದರು.

ಇಷ್ಟಕ್ಕೂ ಲೆಕ್ಸಿಂಗ್ಟನ್ನಿನ ಮತಗಟ್ಟೆಗೂ ವಾಷಿಂಗ್ಟನ್ನಿನ ಸರ್ಕಾರಕ್ಕೂ ಏನು ಸಂಬಂಧ? 1787ರ ಸಂವಿಧಾನ ಬರೆದವರನ್ನು ಕೇಳಿದ್ದರೆ ಬಹುಮಟ್ಟಿಗೆ ಏನೂ ಇಲ್ಲ ಎನ್ನುತ್ತಿದ್ದರು. ಯಾರಿಗೆ ಮತ, ಯಾರಿಗಿಲ್ಲ ಎಂಬುದನ್ನು ಅವರು ರಾಜ್ಯಗಳ ಪಾಲಿಗೆ ಬಿಟ್ಟರು. ತಮ್ಮ ಕೈಯಲ್ಲಿ ಇಟ್ಟುಕೊಂಡದ್ದು ಒಂದೇ ಒಂದು ಹಿಡಿತ. ಕಾಂಗ್ರೆಸ್ಸಿನ (ಇಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಅಮೆರಿಕದ ಸಂಸತ್ತು) ಚುನಾವಣೆಗಳ ಸಮಯ, ಸ್ಥಳ, ರೀತಿಗಳನ್ನು ರಾಜ್ಯಗಳು ಗೊತ್ತುಮಾಡಲಿ, ಬೇಕೆನಿಸಿದಾಗ ಕಾಂಗ್ರೆಸ್ ಅದನ್ನು ತಿದ್ದಬಹುದು ಎಂದು ಮೊದಲನೇ ವಿಧಿಯ ನಾಲ್ಕನೇ ಕಲಮಿನಲ್ಲಿ ಬರೆದರು. ರಾಜ್ಯಗಳು ಚುನಾವಣೆಯನ್ನೇ ನಡೆಸದೆ ಒಕ್ಕೂಟವನ್ನು ಉಪವಾಸ ಕೆಡವಿದರೆ ಎಂಬ ಭಯ ಅವರಲ್ಲೊಬ್ಬರಾದ ಹ್ಯಾಮಿಲ್ಟನ್‌ಗೆ ಇತ್ತು. ಬಡ ಮತದಾರನನ್ನು ಯಾರಾದರೂ ಹೊಡೆದೋಡಿಸಿದರೆ ಎಂಬ ಭಯ ಆಗ ಯಾರನ್ನೂ ಅಷ್ಟಾಗಿ ಕಾಡಿದಂತಿಲ್ಲ.

ಆ ಭಯ ಹುಟ್ಟಿದ್ದು ಅಂತರ್ಯುದ್ಧ ಮುಗಿದು ಸುಮಾರು ನಲವತ್ತು ಲಕ್ಷ ಗುಲಾಮರು ನಾಗರಿಕರಾದ ಮೇಲೆ. 1868ರ ಹದಿನಾಲ್ಕನೇ ತಿದ್ದುಪಡಿ ಮೊದಲು ಸುತ್ತುದಾರಿ ಹಿಡಿಯಿತು. ಯಾವುದೇ ರಾಜ್ಯ ತನ್ನ ವಯಸ್ಕ ಗಂಡಸರಿಗೆ ಮತ ನಿರಾಕರಿಸಿದರೆ ಅದೇ ಪ್ರಮಾಣದಲ್ಲಿ ಕೆಳಮನೆಯಲ್ಲಿ ಅದರ ಸ್ಥಾನಗಳು ಕಡಿಮೆಯಾಗಲಿ ಎಂಬ ದಂಡ. ಆ ದಂಡವನ್ನು ಇಲ್ಲಿಯವರೆಗೆ ಒಮ್ಮೆಯೂ ವಿಧಿಸಿಲ್ಲ. ಹೀಗಾಗಿ 1869ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಹದಿನೈದನೇ ತಿದ್ದುಪಡಿಯನ್ನು ಕೈಗೆತ್ತಿಕೊಂಡಿತು.

ಆಗ ಮೇಲ್ಮನೆಯಾದ ಸೆನೆಟ್‌ನಲ್ಲಿ ನಡೆದ ಚರ್ಚೆಯನ್ನು ಗಮನಿಸಿದರೆ ಮುಂದಿನ ನೂರು ವರ್ಷದ ದುರಂತ ಅಲ್ಲೇ ಕಾಣಿಸುತ್ತದೆ. ಮಸಾಚುಸೆಟ್ಸ್‌ನ ಸೆನೆಟರ್ ಹೆನ್ರಿ ವಿಲ್ಸನ್ ತಂದಿದ್ದ ಕರಡು ವಿಶಾಲವಾಗಿತ್ತು: ಜನಾಂಗ, ಬಣ್ಣದ ಜೊತೆಗೆ ಹುಟ್ಟಿದ ನಾಡು, ಆಸ್ತಿ, ಶಿಕ್ಷಣ, ಧರ್ಮದ ಹೆಸರಿನಲ್ಲೂ ಮತ ನಿರಾಕರಿಸುವಂತಿಲ್ಲ. ಅದು ಉಳಿಯಲಿಲ್ಲ. ಉಳಿಯಗೊಡದವರು ದಕ್ಷಿಣದವರೂ ಅಲ್ಲ. ಕ್ಯಾಲಿಫೋರ್ನಿಯಾಕ್ಕೆ ಚೀನೀಯರ ಚಿಂತೆ, ರೋಡ್ ಐಲೆಂಡ್‌ಗೆ ಐರಿಷ್ ವಲಸಿಗರ ಚಿಂತೆ, ವಿಲ್ಸನ್ನರ ಸ್ವಂತ ಮಸಾಚುಸೆಟ್ಸ್‌ನಲ್ಲೇ ಅಕ್ಷರ ಪರೀಕ್ಷೆಯ ಕಾನೂನು. ಕೊನೆಗೆ ದಕ್ಕಿದ್ದು ಎರಡು ಚಿಕ್ಕ ಕಲಮು. ಜನಾಂಗ, ಬಣ್ಣ, ಹಿಂದೆ ಗುಲಾಮರಾಗಿದ್ದುದು, ಈ ಕಾರಣಗಳಿಗಾಗಿ ಒಕ್ಕೂಟವಾಗಲಿ ರಾಜ್ಯವಾಗಲಿ ನಾಗರಿಕರ ಮತದ ಹಕ್ಕನ್ನು ಕಸಿಯಬಾರದು, ಮೊಟಕುಗೊಳಿಸಬಾರದು ಎಂಬುದು ಮೊದಲನೆಯದು. ಇದನ್ನು ತಕ್ಕ ಕಾನೂನಿನ ಮೂಲಕ ಜಾರಿಗೊಳಿಸುವ ಅಧಿಕಾರ ಕಾಂಗ್ರೆಸ್ಸಿಗಿದೆ ಎಂಬುದು ಎರಡನೆಯದು. 1870ರ ಫೆಬ್ರವರಿ 3ರಂದು ತಿದ್ದುಪಡಿಗೆ ಅನುಮೋದನೆ ಪೂರ್ತಿಯಾಯಿತು. ಹೆಂಗಸರ ಹೆಸರು ಎಲ್ಲೂ ಇರಲಿಲ್ಲ. ಹೆಂಗಸರ ಮತಕ್ಕಾಗಿ ಹೋರಾಡುತ್ತಿದ್ದ ಸೂಸನ್ ಆಂಥನಿ, ಎಲಿಜಬೆತ್ ಸ್ಟ್ಯಾಂಟನ್ ಸಿಟ್ಟಿಗೆದ್ದು ವಿರೋಧಿಸಿದರು.

ಕಾಂಗ್ರೆಸ್ ತಡಮಾಡಲಿಲ್ಲ. ಮೇ ತಿಂಗಳ ಕೊನೆಗೆ ಮೊದಲ ಜಾರಿ ಕಾಯ್ದೆ ಬಂತು, 1871ರಲ್ಲಿ ಇನ್ನೆರಡು. ಒಕ್ಕೂಟದ ನ್ಯಾಯ ಇಲಾಖೆ ಹುಟ್ಟಿದ್ದೂ 1870ರಲ್ಲೇ. ಅದರ ಚುಕ್ಕಾಣಿ ಹಿಡಿದ ಅಟಾರ್ನಿ ಜನರಲ್ ಏಮಸ್ ಏಕರ್‌ಮನ್ ವಿಚಿತ್ರ ಮನುಷ್ಯ. ಜಾರ್ಜಿಯಾದಲ್ಲಿ ವಕೀಲಿಕೆ ಮಾಡುತ್ತ ಗುಲಾಮರನ್ನು ಇಟ್ಟುಕೊಂಡಿದ್ದವರು, ಯುದ್ಧದಲ್ಲಿ ದಕ್ಷಿಣದ ಪರ ನಿಂತವರು. ಈಗ ಕಪ್ಪು ಜನರನ್ನು ಹಿಂಸೆಯಿಂದ ಬೆದರಿಸುತ್ತಿದ್ದ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್‌ನ ಬೆನ್ನು ಹತ್ತಿದರು. 1871ರ ಅಕ್ಟೋಬರಿನಲ್ಲಿ ಅಧ್ಯಕ್ಷ ಗ್ರಾಂಟ್ ದಕ್ಷಿಣ ಕೆರೋಲಿನಾದ ಒಂಬತ್ತು ಕೌಂಟಿಗಳಲ್ಲಿ ಹೇಬಿಯಸ್ ಕಾರ್ಪಸ್ (ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು) ಅಮಾನತುಗೊಳಿಸಿ ಸೈನ್ಯ ಕಳಿಸಿದರು. ನೂರಾರು ಜನ ಸಿಕ್ಕಿಬಿದ್ದರು, ಕ್ಲಾನ್ ಮುರಿಯಿತು. ಅಧಿಕಾರ ಕೆಲಸ ಮಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ಆ ವರ್ಷ ಮುಗಿಯುವುದರೊಳಗೆ ಏಕರ್‌ಮನ್ ರಾಜೀನಾಮೆಯನ್ನು ಗ್ರಾಂಟ್ ಅವರೇ ಕೇಳಿ ಪಡೆದರು.

ಕೋಲ್‌ಫ್ಯಾಕ್ಸ್‌ನ ಹತ್ಯಾಕಾಂಡದ ನಂತರ ನ್ಯೂ ಆರ್ಲಿಯನ್ಸ್‌ನ ಒಕ್ಕೂಟದ ವಕೀಲ ಜೇಮ್ಸ್ ಬೆಕ್‌ವಿತ್ ಇದೇ ಜಾರಿ ಕಾಯ್ದೆಯಡಿ ಸುಮಾರು ನೂರು ಜನರ ಮೇಲೆ ಆರೋಪ ಹೊರಿಸಿದರು. ಸೆರೆಸಿಕ್ಕು ವಿಚಾರಣೆಗೆ ನಿಂತವರು ಒಂಬತ್ತು. ಶಿಕ್ಷೆಗೆ ಅರ್ಹರೆಂದು ಜ್ಯೂರಿ ಹೇಳಿದ್ದು ಮೂವರನ್ನು. ಅದೂ ಕೊಲೆಗಲ್ಲ, ಕೊಲೆ ರಾಜ್ಯದ ಕಾನೂನಿಗೆ ಬಿಟ್ಟ ವಿಷಯ; ನಾಗರಿಕರ ಹಕ್ಕುಗಳಿಗೆ ಅಡ್ಡಿಪಡಿಸುವ ಪಿತೂರಿಗೆ. ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್ ಅದನ್ನೂ ಅಳಿಸಿದರು. ಹದಿನಾಲ್ಕನೇ ತಿದ್ದುಪಡಿ ರಾಜ್ಯಗಳನ್ನು ಕಟ್ಟಿಹಾಕುತ್ತದೆ, ಖಾಸಗಿ ವ್ಯಕ್ತಿಗಳನ್ನಲ್ಲ. ಹದಿನೈದನೆಯದರ ಆಸರೆ ಬೇಕಿದ್ದರೆ ಬಣ್ಣದ ಕಾರಣಕ್ಕೇ ಹೊಡೆದರೆಂದು ಆರೋಪಪಟ್ಟಿಯಲ್ಲಿ ಬರೆಯಬೇಕಿತ್ತು, ಬರೆದಿಲ್ಲ. ಸುಟ್ಟ ಕಟ್ಟಡದ ಸುತ್ತ ಬಿದ್ದಿದ್ದ ಹೆಣಗಳೆಲ್ಲ ಯಾವ ಬಣ್ಣದವೆಂದು ಕೇಳುವ ಅಗತ್ಯ ನ್ಯಾಯಾಲಯಕ್ಕೆ ಕಾಣಲಿಲ್ಲ.

ಗಾರ್ನರ್‌ನ ಪ್ರಕರಣದಲ್ಲಿ ವೇಟ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಹದಿನೈದನೇ ತಿದ್ದುಪಡಿ ಯಾರಿಗೂ ಮತ ಕೊಡುವುದಿಲ್ಲ, ಬಣ್ಣದ ಭೇದವನ್ನಷ್ಟೇ ತಡೆಯುತ್ತದೆ. ಕಾಯ್ದೆಯ ಮೂರು ಮತ್ತು ನಾಲ್ಕನೇ ಕಲಮುಗಳು ಬಣ್ಣದ ಮಾತೆತ್ತದೆ ಎಲ್ಲ ಬಗೆಯ ಅಡ್ಡಿಯನ್ನೂ ಅಪರಾಧವೆನ್ನುವುದರಿಂದ ಅವು ಮಿತಿ ಮೀರಿವೆ, ಅಸಿಂಧು. ಹಿಂದಿನ ಎರಡು ಕಲಮುಗಳಲ್ಲಿ ಬಣ್ಣದ ಮಾತು ಸ್ಪಷ್ಟವಾಗಿದೆ, ಮುಂದಿನವನ್ನೂ ಅದರ ಜೊತೆಗೇ ಓದಬೇಕು ಎಂದು ವಾದಿಸಿ ಭಿನ್ನಮತ ಬರೆದವರು ನ್ಯಾಯಮೂರ್ತಿ ವಾರ್ಡ್ ಹಂಟ್. ಮೂರು ವರ್ಷದ ಹಿಂದೆ ಇದೇ ಹಂಟ್ ಇದೇ 1870ರ ಕಾಯ್ದೆಯಡಿ, ಮತ ಹಾಕಿದ ತಪ್ಪಿಗೆ ಸೂಸನ್ ಆಂಥನಿಗೆ ನೂರು ಡಾಲರ್ ದಂಡ ವಿಧಿಸಿದ್ದರು. ಆಕೆ ಅದನ್ನು ಕಟ್ಟಲೇ ಇಲ್ಲ. ಮತದಾರರನ್ನು ಕಾಯಲೆಂದು ಮಾಡಿದ ಕಾಯ್ದೆ ಒಬ್ಬ ಮತದಾರಳನ್ನು ಹಿಡಿಯಲು ಬಳಕೆಯಾದದ್ದು ಹೀಗೆ.

ವೇಟ್ ಬೊಟ್ಟು ಮಾಡಿದ ಕೊರತೆ ನಿಜವಾದದ್ದೇ. ಅಮೆರಿಕದ ಸಂವಿಧಾನ ಯಾರಿಗೆ ಮತ ನಿರಾಕರಿಸಬಾರದೆಂದು ಹೇಳುತ್ತದೆಯೇ ಹೊರತು, ಮತ ನಿನ್ನದು ಎಂದು ನೇರವಾಗಿ ಹೇಳುವುದಿಲ್ಲ. ನಮ್ಮ ಭಾರತದ ಸಂವಿಧಾನದ 326ನೇ ವಿಧಿ ವಯಸ್ಕ ಮತದಾನವನ್ನು ನೇರವಾಗಿಯೇ ಹೇಳುತ್ತದೆ. 1949ರ ಜೂನ್‌ನಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಯ ಮುಂದೆ ನಿಂತು, ಪ್ರಾಂತಗಳಿಗೆ ಬೇರೆ ಬೇರೆ ಚುನಾವಣಾ ಆಯೋಗ ಎಂಬ ಹಳೆಯ ಕರಡನ್ನು ಬಿಟ್ಟು ಇಡೀ ದೇಶಕ್ಕೆ ಒಂದೇ ಆಯೋಗ ಇರಲಿ ಎಂದರು. ಕೆಲವು ಪ್ರಾಂತಗಳಲ್ಲಿ ಜನಾಂಗ, ಭಾಷೆ, ಸಂಸ್ಕೃತಿಯಲ್ಲಿ ಬೇರೆಯಾದವರನ್ನು ಮತದಾರರ ಪಟ್ಟಿಯಿಂದ ಹೊರಗಿಡುತ್ತಿದ್ದಾರೆಂಬ ದೂರು ಬಂದದ್ದನ್ನೇ ಅವರು ಕಾರಣವಾಗಿ ಕೊಟ್ಟರು. ಪಟ್ಟಿ ಯಾರ ಕೈಯಲ್ಲಿ ಎಂಬ ಪ್ರಶ್ನೆಯನ್ನು ನಾವು ಮೊದಲೇ ಇತ್ಯರ್ಥ ಮಾಡಿಕೊಂಡೆವು. ಅಮೆರಿಕ ಅದನ್ನು ಪ್ರತಿ ತಲೆಮಾರಿನಲ್ಲೂ ಕೋರ್ಟಿಗೆ ಒಯ್ದಿತು.

1876ರ ಆ ದಿನವನ್ನು ಇತಿಹಾಸಕಾರರು ಬಹುಕಾಲ ಎಲ್ಲ ಬಾಗಿಲೂ ಮುಚ್ಚಿದ ದಿನವೆಂದೇ ಬರೆದರು. ಪಮೇಲಾ ಬ್ರ್ಯಾಂಡ್‌ವೈನ್ ಅವರಂಥವರು ಈಚೆಗೆ ಇದನ್ನು ಒಪ್ಪುವುದಿಲ್ಲ. ಬಣ್ಣದ ಕಾರಣಕ್ಕೇ ಮತಕ್ಕೆ ಅಡ್ಡಬಂದರೆ ಖಾಸಗಿಯವರನ್ನೂ ಶಿಕ್ಷಿಸಬಹುದೆಂಬ ದಾರಿ ತೆರೆದೇ ಇತ್ತು, ಕೋರ್ಟು ಕೈಬಿಟ್ಟದ್ದು ಆಮೇಲೆ ಎನ್ನುತ್ತಾರೆ. ಅವರ ಮಾತಿಗೆ ಬಲ ಕೊಡುವ ತೀರ್ಪೂ ಇದೆ. ಜಾರ್ಜಿಯಾದಲ್ಲಿ ಕಾಂಗ್ರೆಸ್ ಚುನಾವಣೆಯ ವಿಷಯಕ್ಕೆ ಬೆರಿ ಸಾಂಡರ್ಸ್ ಎಂಬ ಕಪ್ಪು ಮತದಾರನನ್ನು ಥಳಿಸಿದ ಯಾರ್‌ಬ್ರೊ ಮತ್ತವನ ಕಡೆಯವರ ಶಿಕ್ಷೆಯನ್ನು 1884ರಲ್ಲಿ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಎತ್ತಿಹಿಡಿಯಿತು. ಜನರಿಂದ ಆಯ್ಕೆಯಾಗುವ ಸರ್ಕಾರಕ್ಕೆ ತನ್ನ ಚುನಾವಣೆಯನ್ನು ಹಿಂಸೆ ಮತ್ತು ಭ್ರಷ್ಟತೆಯಿಂದ ಕಾಪಾಡಿಕೊಳ್ಳುವ ಅಧಿಕಾರವೂ ಇಲ್ಲವೆಂದರೆ ಅದು ಸರ್ಕಾರವೇ ಅಲ್ಲ ಎಂಬ ಧಾಟಿಯಲ್ಲಿ ನ್ಯಾಯಮೂರ್ತಿ ಸ್ಯಾಮ್ಯುಯಲ್ ಮಿಲರ್ ಬರೆದರು. ಹದಿನೈದನೇ ತಿದ್ದುಪಡಿ ಕೆಲವು ಸಂದರ್ಭಗಳಲ್ಲಿ ಕಪ್ಪು ಜನರಿಗೆ ಮತ ಕೊಟ್ಟೇ ಕೊಡುತ್ತದೆ ಎಂದೂ ಸೇರಿಸಿದರು.

ನನಗೂ ಕೋರ್ಟನ್ನೇ ಏಕೈಕ ಆರೋಪಿಯಾಗಿ ನಿಲ್ಲಿಸುವುದು ಸರಿಯೆನಿಸುವುದಿಲ್ಲ. ನಿಜವಾದ ತಿರುವು ಇದ್ದದ್ದು ಸೆನೆಟ್‌ನಲ್ಲಿ, ಅದರ ತಾರೀಖು 1891ರ ಜನವರಿ. ಹಿಂದಿನ ವರ್ಷ ಹೆನ್ರಿ ಕ್ಯಾಬಟ್ ಲಾಡ್ಜ್ ತಂದ ಮಸೂದೆ, ಕಾಂಗ್ರೆಸ್ ಚುನಾವಣೆಗಳ ಮೇಲೆ ಒಕ್ಕೂಟದ ಮೇಲ್ವಿಚಾರಕರನ್ನು ಇಡುವಂಥದ್ದು, ಕೆಳಮನೆಯಲ್ಲಿ 155ಕ್ಕೆ 149 ಮತಗಳಿಂದ ದಾಟಿತ್ತು. ಅಧ್ಯಕ್ಷ ಹ್ಯಾರಿಸನ್ ಸಹಿಗೆ ಸಿದ್ಧರಿದ್ದರು. ಮಿಲರ್ ತೀರ್ಪಿನ ಬಲವೂ ಬೆನ್ನಿಗಿತ್ತು. ಸೆನೆಟ್‌ನಲ್ಲಿ ದಕ್ಷಿಣದವರು ಮುಗಿಯದ ಭಾಷಣಗಳನ್ನು ಹೂಡಿದರು. ಬೆಳ್ಳಿ ನಾಣ್ಯದ ಮಸೂದೆಯೇ ಮುಖ್ಯವಾಗಿದ್ದ ಪಶ್ಚಿಮದ ಕೆಲವು ರಿಪಬ್ಲಿಕನ್ನರು ಅವರ ಜೊತೆ ಕೈ ಜೋಡಿಸಿದರು. ಒಂದೇ ಮತದ ಅಂತರದಲ್ಲಿ ಮಸೂದೆ ಬದಿಗೆ ಸರಿಯಿತು. 1894ರಲ್ಲಿ ಕಾಂಗ್ರೆಸ್ ತನ್ನ ಹಳೆಯ ಜಾರಿ ಕಾಯ್ದೆಗಳ ಚುನಾವಣಾ ಭಾಗವನ್ನು ಹೆಚ್ಚುಕಡಿಮೆ ಪೂರ್ತಿ ರದ್ದುಗೊಳಿಸಿತು. ಎರಡನೇ ಕಲಮು ಕೊಟ್ಟ ಅಧಿಕಾರವನ್ನು ಹೀಗೆ ಅದನ್ನು ಪಡೆದವರೇ ಅಟ್ಟಕ್ಕೆ ಹಾಕಿದರು.

ದಕ್ಷಿಣದಲ್ಲಿ ಅಷ್ಟರಲ್ಲೇ ಕೆಲಸ ಶುರುವಾಗಿತ್ತು. 1890ರಲ್ಲಿ ಮಿಸಿಸಿಪಿ ಹೊಸ ಸಂವಿಧಾನ ಬರೆದು ಎರಡು ಡಾಲರ್ ತಲೆಗಂದಾಯ, ಸಂವಿಧಾನದ ಯಾವುದಾದರೂ ಭಾಗವನ್ನು ಓದಿ ಇಲ್ಲವೆ ಕೇಳಿ ಅರ್ಥ ಹೇಳುವ ಪರೀಕ್ಷೆ ತಂದಿತು. ಬಣ್ಣದ ಮಾತೇ ಇಲ್ಲ. ಉತ್ತರ ಸರಿಯೋ ತಪ್ಪೋ ಎಂದು ಹೇಳುವ ಗುಮಾಸ್ತ ಬಿಳಿಯನಾಗಿದ್ದರೆ ಸಾಕಿತ್ತು. ಉಳಿದ ರಾಜ್ಯಗಳು ಅದನ್ನೇ ನಕಲು ಮಾಡಿದವು. ಬಡ ಬಿಳಿಯರೂ ಹೊರಬೀಳಬಾರದೆಂದು ಲೂಯಿಸಿಯಾನಾ 1867ರ ಜನವರಿ 1ರಂದು ಅಪ್ಪನಿಗೋ ಅಜ್ಜನಿಗೋ ಮತವಿದ್ದವರಿಗೆ ವಿನಾಯಿತಿ ಕೊಟ್ಟಿತು. ಅಲ್ಲಿ 1896ರಲ್ಲಿ ನೋಂದಾಯಿತರಾಗಿದ್ದ ಕಪ್ಪು ಮತದಾರರು 1,30,334. 1904ರಲ್ಲಿ ಉಳಿದವರು 1,342.

ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಜಾಕ್ಸನ್ ಗೈಲ್ಸ್ ಎಂಬ ಕಪ್ಪು ನಾಗರಿಕ ಅಲ್ಲಿನ ಇಂಥದೇ ನಿಯಮಗಳನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದ. ಗುಟ್ಟಾಗಿ ಹಣ ಒದಗಿಸಿದವರು ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್, ಹೊರಗೆ ಅವರು ಬಿಳಿಯರೊಂದಿಗೆ ಹೊಂದಿಕೊಂಡು ಹೋಗಿ ಎಂದು ಹೇಳುತ್ತಿದ್ದವರು. 1903ರ ತೀರ್ಪು ಬರೆದದ್ದು ಆಲಿವರ್ ವೆಂಡೆಲ್ ಹೋಮ್ಸ್, ಅಮೆರಿಕದ ನ್ಯಾಯಶಾಸ್ತ್ರದ ದೊಡ್ಡ ಹೆಸರು, ಯುದ್ಧದಲ್ಲಿ ಉತ್ತರದ ಪರ ಮೂರು ಸಲ ಗಾಯಗೊಂಡವರು. ಅವರ ತರ್ಕವನ್ನು ಸಂಗ್ರಹಿಸಿದರೆ ಇಷ್ಟು: ನೋಂದಣಿ ವ್ಯವಸ್ಥೆಯೇ ಮೋಸವೆಂದು ನೀನು ಹೇಳುತ್ತೀಯೆ, ಹಾಗಿದ್ದರೆ ನಿನ್ನ ಹೆಸರನ್ನು ಅದರಲ್ಲಿ ಸೇರಿಸಿ ನಾವು ಮೋಸದ ಪಾಲುದಾರರಾಗಲಾರೆವು. ಇಡೀ ರಾಜ್ಯದ ಬಿಳಿಯರು ನಿನಗೆ ಮತ ಬೇಡವೆಂದು ಹಟ ಹಿಡಿದಿದ್ದರೆ ಕಾಗದದ ಮೇಲಿನ ಹೆಸರಿನಿಂದ ನಿನಗೇನೂ ಆಗುವುದಿಲ್ಲ, ರಾಜಕೀಯ ಪರಿಹಾರ ಹುಡುಕಿಕೋ. ಮತವಿಲ್ಲದವನಿಗೆ ರಾಜಕೀಯ ಪರಿಹಾರ! ಅಮೆರಿಕದ ತೀರ್ಪುಗಳಲ್ಲಿ ಇದರಷ್ಟು ನಿಷ್ಠುರ ಪ್ರಾಮಾಣಿಕತೆಯದ್ದು ಇನ್ನೊಂದನ್ನು ನಾನು ಓದಿಲ್ಲ. ಸೈನ್ಯ, ಪೊಲೀಸು, ಗುಮಾಸ್ತರು ಯಾರೂ ಕೈಯಲ್ಲಿಲ್ಲದ ಕೋರ್ಟು ತನ್ನ ಅಶಕ್ತಿಯನ್ನೇ ಕಾನೂನೆಂದು ಬರೆದಿತು.

ಮುಂದಿನ ಅರ್ಧ ಶತಮಾನದಲ್ಲಿ ಗೆಲುವುಗಳು ಬಂದವು, ಬಿಡಿಬಿಡಿಯಾಗಿ. ಅಜ್ಜನ ವಿನಾಯಿತಿ 1915ರಲ್ಲಿ ಬಿತ್ತು. ಬಿಳಿಯರಿಗಷ್ಟೇ ಮೀಸಲಾಗಿದ್ದ ಟೆಕ್ಸಸ್‌ನ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆ 1944ರಲ್ಲಿ, ಕಪ್ಪು ವಕೀಲ ಥರ್ಗುಡ್ ಮಾರ್ಷಲ್ ನಡೆಸಿದ ಮೊಕದ್ದಮೆಯಲ್ಲಿ, ಬಿತ್ತು. ಒಂದು ಉಪಾಯ ಬಿದ್ದ ಜಾಗದಲ್ಲಿ ಇನ್ನೊಂದು ಏಳುತ್ತಿತ್ತು.

1957ರಲ್ಲಿ ಕಾಂಗ್ರೆಸ್ ಮತ್ತೆ ಕಣ್ಣು ತೆರೆಯಿತು. ಅಂದಿನ ಕಾಯ್ದೆ ನ್ಯಾಯ ಇಲಾಖೆಗೆ ಮೊಕದ್ದಮೆ ಹೂಡುವ ಅಧಿಕಾರ ಕೊಟ್ಟಿತು, ಅಷ್ಟೇ. ಅದರ ಹಲ್ಲು ಕಿತ್ತು ಸೆನೆಟ್ ದಾಟಿಸಿದ ಚತುರ ನಾಯಕ ಟೆಕ್ಸಸ್‌ನ ಲಿಂಡನ್ ಜಾನ್ಸನ್. ಕೌಂಟಿ ಕೌಂಟಿಗೆ ಒಂದೊಂದು ದಾವೆ. ಒಂದಕ್ಕೆ ನೋಂದಣಿ ಕಡತ ತಿರುವಿ ಹಾಕಲಿಕ್ಕೇ ಆರು ಸಾವಿರ ಗಂಟೆಗಳ ಕೆಲಸವಾದದ್ದೂ ಉಂಟು. ಅಲಬಾಮಾದ ಡಲಸ್ ಕೌಂಟಿಯಲ್ಲಿ, ಅದರ ಮುಖ್ಯ ಪಟ್ಟಣವೇ ಸೆಲ್ಮಾ, ನಾಲ್ಕು ವರ್ಷ ದಾವೆ ನಡೆಸಿದ ಮೇಲೆ ನೋಂದಾಯಿತ ಕಪ್ಪು ಮತದಾರರ ಸಂಖ್ಯೆ 156ರಿಂದ 383ಕ್ಕೆ ಏರಿತು. ಮತದ ವಯಸ್ಸಿನ ಕಪ್ಪು ಜನ ಅಲ್ಲಿ ಸುಮಾರು 15,000 ಇದ್ದರು. ಈ ವೇಗದಲ್ಲಿ ಹೋದರೆ ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕುವುದು ಕಷ್ಟವಲ್ಲ.

ಆಮೇಲಿನ ಕಥೆ ಲೋಕಕ್ಕೆ ಗೊತ್ತು. 1965ರ ಫೆಬ್ರವರಿಯಲ್ಲಿ ಸೆಲ್ಮಾದ ಹತ್ತಿರದ ಮೇರಿಯನ್‌ನಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ ತರುಣ ಪೊಲೀಸರ ಗುಂಡಿಗೆ ಬಲಿಯಾದ. ಮಾರ್ಚ್ 7ರ ಭಾನುವಾರ ಜಾನ್ ಲೂಯಿಸ್ ಮತ್ತು ಹೊಸಿಯಾ ವಿಲಿಯಮ್ಸ್ ಮುಂದಾಳತ್ವದಲ್ಲಿ ಮತದ ಹಕ್ಕು ಕೇಳಿ ಹೊರಟ ಆರುನೂರರಷ್ಟು ಜನ ಎಡ್ಮಂಡ್ ಪೆಟಸ್ ಸೇತುವೆ ದಾಟಿದಾಗ ಲಾಠಿ, ಅಶ್ರುವಾಯು, ಕುದುರೆಗಳು ಎದುರಾದವು. ಅಂದು ರಾತ್ರಿ ನಾಜಿ ವಿಚಾರಣೆಯ ಚಲನಚಿತ್ರ ನೋಡುತ್ತಿದ್ದ ಅಮೆರಿಕನ್ನರಿಗೆ ಅದನ್ನು ನಡುವೆ ನಿಲ್ಲಿಸಿ ಟಿವಿ ಈ ದೃಶ್ಯ ತೋರಿಸಿತು. ಎಂಟು ದಿನದ ನಂತರ ಅಧ್ಯಕ್ಷರಾಗಿ ಕಾಂಗ್ರೆಸ್ಸಿನ ಮುಂದೆ ನಿಂತು ಹೊಸ ಕಾಯ್ದೆ ಕೇಳಿದವರು ಅದೇ ಲಿಂಡನ್ ಜಾನ್ಸನ್. ಆಗಸ್ಟ್ 6ರಂದು ಸಹಿ ಬಿತ್ತು.

1965ರ ಮತದಾನದ ಹಕ್ಕುಗಳ ಕಾಯ್ದೆಯ ಹೊಸತನ ಅದರ ಯಂತ್ರದಲ್ಲಿತ್ತು. 1964ರ ನವೆಂಬರ್ 1ಕ್ಕೆ ಯಾವ ರಾಜ್ಯ ಅಥವಾ ಕೌಂಟಿಯಲ್ಲಿ ಅಕ್ಷರ ಪರೀಕ್ಷೆಯಂಥ ಷರತ್ತು ಇತ್ತೋ, ಜೊತೆಗೆ ಮತದ ವಯಸ್ಸಿನವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ನೋಂದಾಯಿಸಿಕೊಂಡಿದ್ದರೋ ಅಥವಾ ಆ ವರ್ಷ ಮತ ಹಾಕಿದ್ದರೋ, ಅದು ತಾನಾಗಿ ಕಾಯ್ದೆಯ ವ್ಯಾಪ್ತಿಗೆ ಬರುತ್ತಿತ್ತು. ಅಲ್ಲಿ ಪರೀಕ್ಷೆ ರದ್ದು. ಹೆಸರು ಬರೆದುಕೊಳ್ಳಲು ಒಕ್ಕೂಟದ ಅಧಿಕಾರಿಗಳೇ ಹೋಗಬಹುದು. ಚುನಾವಣೆಯ ಯಾವ ನಿಯಮ ಬದಲಾಯಿಸಬೇಕಿದ್ದರೂ ಮೊದಲು ವಾಷಿಂಗ್ಟನ್ನಿನ ಪೂರ್ವಾನುಮತಿ ಬೇಕು. ಈವರೆಗೆ ಮತದಾರ ಕೋರ್ಟಿಗೆ ಅಲೆಯುತ್ತಿದ್ದ. ಇನ್ನು ರಾಜ್ಯ ಅಲೆಯಬೇಕು.

ದಕ್ಷಿಣ ಕೆರೋಲಿನಾ ಕೆರಳಿ ನೇರವಾಗಿ ಸುಪ್ರೀಂ ಕೋರ್ಟಿಗೇ ದಾವೆ ತಂದಿತು. ಐದು ದಕ್ಷಿಣ ರಾಜ್ಯಗಳು ಅದರ ಬೆಂಬಲಕ್ಕೆ, ಬೇರೆ ಇಪ್ಪತ್ತೊಂದು ರಾಜ್ಯಗಳು ಅಟಾರ್ನಿ ಜನರಲ್ ನಿಕೊಲಸ್ ಕ್ಯಾಟ್ಜೆನ್‌ಬ್ಯಾಕ್ ಬೆಂಬಲಕ್ಕೆ ನಿಂತವು. ತೀರ್ಪು ಬಂದದ್ದು 1966ರ ಮಾರ್ಚ್ 7ರಂದು, ಸೇತುವೆಯ ಘಟನೆಗೆ ಸರಿಯಾಗಿ ವರ್ಷ ತುಂಬಿದ ದಿನ. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಹದಿನೈದನೇ ತಿದ್ದುಪಡಿಯ ಎರಡನೇ ಕಲಮಿಗೆ, 1819ರಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಒಕ್ಕೂಟದ ಅಧಿಕಾರಕ್ಕೆ ಹಾಕಿಕೊಟ್ಟ ವಿಶಾಲ ಅಳತೆಯನ್ನೇ ಅನ್ವಯಿಸಿದರು: ಗುರಿ ಸಂವಿಧಾನಬದ್ಧವಾಗಿದ್ದು, ಹಿಡಿದ ಮಾರ್ಗ ಆ ಗುರಿಗೆ ವಿವೇಕದಿಂದ ಹೊಂದುವಂತಿದ್ದರೆ ಸಾಕು. ದಾವೆಗಳ ಕಾಲಹರಣದಿಂದ ಅನ್ಯಾಯ ಮಾಡುವವರಿಗೇ ಲಾಭವಾಗುತ್ತ ಬಂದಿದೆ, ಆ ಲಾಭವನ್ನು ನೊಂದವರ ಕಡೆಗೆ ತಿರುಗಿಸಲು ಕಾಂಗ್ರೆಸ್ಸಿಗೆ ಹಕ್ಕಿದೆ ಎಂದರು. ಎಲ್ಲ ರಾಜ್ಯಗಳೂ ಸಮಾನ, ನಮ್ಮನ್ನೇ ಆರಿಸಿ ಹಿಡಿಯುವಂತಿಲ್ಲ ಎಂಬ ವಾದಕ್ಕೆ, ಆ ತತ್ತ್ವ ರಾಜ್ಯಗಳು ಒಕ್ಕೂಟ ಸೇರುವ ಷರತ್ತುಗಳಿಗಷ್ಟೇ ಸಂಬಂಧಿಸಿದ್ದು ಎಂದು ಉತ್ತರಿಸಿದರು. ಭಿನ್ನಮತ ಒಂದೇ, ಅದೂ ಅರ್ಧ: ಅಲಬಾಮಾದವರೇ ಆದ ಹ್ಯೂಗೋ ಬ್ಲ್ಯಾಕ್ ಉಳಿದೆಲ್ಲ ಒಪ್ಪಿ, ಪೂರ್ವಾನುಮತಿ ಮಾತ್ರ ರಾಜ್ಯಗಳನ್ನು ಗೆದ್ದ ಪ್ರಾಂತಗಳ ಮಟ್ಟಕ್ಕೆ ಇಳಿಸುತ್ತದೆ ಎಂದರು.

ಮಿಸಿಸಿಪಿಯಲ್ಲಿ ನೋಂದಾಯಿತ ಕಪ್ಪು ಮತದಾರರ ಪ್ರಮಾಣ ಕಾಯ್ದೆಗೆ ಮುಂಚೆ ಶೇ. 6.7 ಇದ್ದದ್ದು 1967ರ ಹೊತ್ತಿಗೆ ಶೇ. 59.8 ಆಯಿತು. ಸಂವಿಧಾನದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. 1870ರ ಅದೇ ಕಲಮು.

ಕಾಂಗ್ರೆಸ್ ಕಾಯ್ದೆಯನ್ನು ನಾಲ್ಕು ಸಲ ಮುಂದುವರಿಸಿತು. 2006ರಲ್ಲಿ ಹದಿನೈದು ಸಾವಿರ ಪುಟಗಳಿಗೂ ಮಿಕ್ಕಿದ ದಾಖಲೆ ಕಲೆಹಾಕಿ, ಸೆನೆಟ್‌ನಲ್ಲಿ 98–0 ಮತಗಳಿಂದ. ಆದರೆ ಯಾವ ರಾಜ್ಯಗಳು ಎಂಬ ಸೂತ್ರವನ್ನು ಮಾತ್ರ ಹಳೆಯ ಅಂಕಿಗಳ ಮೇಲೇ ಬಿಟ್ಟಿತು. ಹೊಸ ಪಟ್ಟಿ ಮಾಡಹೊರಟರೆ ತಮ್ಮ ರಾಜ್ಯವೂ ಸೇರೀತೆಂಬ ಅಳುಕಿನ ನಡುವೆ ಒಮ್ಮತ ಮುರಿಯುತ್ತಿತ್ತು ಎಂಬುದು ನನ್ನ ಊಹೆ. 2013ರ ಜೂನ್ 25ರಂದು ಅಲಬಾಮಾದ ಶೆಲ್ಬಿ ಕೌಂಟಿಯ ದಾವೆಯಲ್ಲಿ ಸುಪ್ರೀಂ ಕೋರ್ಟು 5–4 ಬಹುಮತದಿಂದ ಆ ಸೂತ್ರವನ್ನು ಹೊಡೆದುಹಾಕಿತು. ಪೂರ್ವಾನುಮತಿಯ ಕಲಮು ಉಳಿಯಿತು. ಯಾರು ಅನುಮತಿ ಕೇಳಬೇಕೆಂಬ ಪಟ್ಟಿ ಇಲ್ಲವಾಯಿತು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ನೆಚ್ಚಿಕೊಂಡದ್ದು ವಾರೆನ್ ಪಕ್ಕಕ್ಕೆ ಸರಿಸಿದ್ದ ಅದೇ ರಾಜ್ಯ ಸಮಾನತೆಯ ತತ್ತ್ವವನ್ನು: ನಲವತ್ತು ವರ್ಷ ಹಳೆಯ ಅಂಕಿಗಳಿಂದ ಇಂದಿನ ಹೊರೆ ಹೊರಿಸುವಂತಿಲ್ಲ. ಯಾವ ಕಾನೂನು ತಕ್ಕದ್ದು ಎಂದು ಅಳೆಯುವ ಕೆಲಸವನ್ನು ತಿದ್ದುಪಡಿ ಕಾಂಗ್ರೆಸ್ಸಿಗೆ ಕೊಟ್ಟಿದೆ, ಕೋರ್ಟಿಗಲ್ಲ ಎಂದು ನಾಲ್ವರ ಪರವಾಗಿ ರೂತ್ ಬೇಡರ್ ಗಿನ್ಸ್‌ಬರ್ಗ್ ವಾದಿಸಿದರು. ಅಂದೇ ಟೆಕ್ಸಸ್, ತಡೆಹಿಡಿಯಲಾಗಿದ್ದ ತನ್ನ ಗುರುತಿನ ಚೀಟಿ ಕಾನೂನು ಜಾರಿಗೆ ಬರುತ್ತದೆಂದು ಪ್ರಕಟಿಸಿತು.

ಹೊಸ ಸೂತ್ರ ಬರೆಯುವ ದಾರಿಯನ್ನು ರಾಬರ್ಟ್ಸ್ ಮುಚ್ಚಿರಲಿಲ್ಲ. 2021ರ ಆಗಸ್ಟಿನಲ್ಲಿ, ಹಿಂದಿನ ವರ್ಷ ತೀರಿಕೊಂಡಿದ್ದ ಜಾನ್ ಲೂಯಿಸ್ ಹೆಸರಿನಲ್ಲಿ ಅಂಥದೊಂದು ಮಸೂದೆ ಕೆಳಮನೆಯನ್ನು 219ಕ್ಕೆ 212 ಮತಗಳಿಂದ ದಾಟಿತು. ಸೆನೆಟ್‌ನಲ್ಲಿ ಚರ್ಚೆಗೆ ತೆರೆ ಎಳೆಯಲು ಅರುವತ್ತು ಮತ ಬೇಕು. ಲಾಡ್ಜ್ ಮಸೂದೆ ಮುಗ್ಗರಿಸಿದ ಅದೇ ಮನೆಯಲ್ಲಿ, ಅದೇ ಭಾಷಣದ ಹಕ್ಕಿನ ಎದುರು, ಇದೂ ನಿಂತುಹೋಯಿತು. ನಿಯಮ ಸಡಿಲಿಸುವ ಪ್ರಯತ್ನ 2022ರ ಜನವರಿಯಲ್ಲಿ 52–48ರಿಂದ ಸೋತಿತು.